ಪ್ರಾಂಶುಪಾಲರ ಉಪ್ಪು

ಆ ಕಾಲೇಜಿಗೆ ಎರಡನೆಯ ಮಹಡಿ ಎದ್ದಾಗಲೂ ಇಷ್ಟು ಚರ್ಚೆಯಾಗಿರಲಿಲ್ಲ. ಅರ್ಥಶಾಸ್ತ್ರದ ಮಕ್ಕಳು ತರಗತಿಯಲ್ಲಿ ಯಾವ ಆಟ ಆಡಬೇಕೆಂಬ ಗಹನವಾದ ಪ್ರಶ್ನೆ ಸ್ಟಾಫ್ ರೂಮಿನ ಎರಡು ಮಧ್ಯಾಹ್ನಗಳನ್ನೂ ಒಂದು ಡಬ್ಬಿ ಬಿಸ್ಕತ್ತನ್ನೂ ತಿಂದುಹಾಕಿತು. ಕೊನೆಗೆ ಪ್ರಾಂಶುಪಾಲರು ತೀರ್ಪು ಕೊಟ್ಟರು. ಆಟ ಒಂದೇ, ಆರಿಸುವುದು ಅರ್ಥಶಾಸ್ತ್ರದ ಮೇಡಂ, ಶುಕ್ರವಾರದ ಮೂರನೆಯ ಪಿರಿಯಡ್‌ನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನೋಡುವುದು ತಾವು. ಮಕ್ಕಳು ಏನಾದರೂ ಕಲಿತರೆ ಆ ಪಿರಿಯಡ್ ವರ್ಷಪೂರ್ತಿ ಆಟಕ್ಕೆ. ಇಲ್ಲವಾದರೆ ಗಣಿತದ ಮೇಷ್ಟ್ರಿಗೆ. ಮೇಷ್ಟ್ರು ಅದರ ಮೇಲೆ ಕಣ್ಣಿಟ್ಟು ಮೂರು ವರ್ಷವಾಗಿತ್ತು.

ಮೇಡಂ ಹದಿನಾಲ್ಕು ವರ್ಷದಿಂದ ಹಲಗೆಯ ಮೇಲೆ ಬೇಡಿಕೆಯ ರೇಖೆ ಎಳೆಯುತ್ತಿದ್ದರು. ಪೂರೈಕೆಯ ರೇಖೆ ಬಂದು ಅದನ್ನು ಮುಟ್ಟುವ ಹೊತ್ತಿಗೆ ಅರ್ಧ ತರಗತಿ ತೂಕಡಿಸುತ್ತಿತ್ತು. ಈ ಪಿರಿಯಡ್ ಅವರಿಗೆ ಬೇಕೇ ಬೇಕಿತ್ತು.

ಆಟದ ಸಾಮಾನಿನ ಅಂಗಡಿಯವನನ್ನು ಪುಸಲಾಯಿಸಿ ಮೂರು ಪೆಟ್ಟಿಗೆ ಮನೆಗೆ ತಂದರು. ಪರೀಕ್ಷೆಗೆ ಸಿಕ್ಕವರು ಗಂಡ ಮತ್ತು ಅತ್ತೆ. ಮೊದಲನೆಯದು ರೈಲು ದಾರಿ ಹಾಕುವ ಆಟ. ಗಂಡ ಗಲ್ಲಕ್ಕೆ ಕೈಕೊಟ್ಟು ಕೂತವರು ಊಟದ ಹೊತ್ತಿಗೆ ಎರಡು ನಿಲ್ದಾಣ ದಾಟಿದ್ದರು. ಈ ವೇಗದಲ್ಲಿ ರೈಲು ಊರು ಮುಟ್ಟುವಾಗ ಮಕ್ಕಳಿಗೆ ಡಿಗ್ರಿ ಸಿಕ್ಕಿರುತ್ತಿತ್ತು. ಎರಡನೆಯದು ಕಾರ್ಖಾನೆ ನಡೆಸುವ ಆಟ, ನಿಯಮಗಳೇ ನಲವತ್ತು ಪುಟ. ಹನ್ನೊಂದನೆಯ ಪುಟದಲ್ಲಿ ಅತ್ತೆ ಕನ್ನಡಕ ತೆಗೆದಿಟ್ಟು, ಕಾರ್ಖಾನೆ ಮುಚ್ಚಿಬಿಡೋಣ ಎಂದರು.

ಮೂರನೆಯದು ಸಂತೆಯ ಆಟ. ಮರ, ಉಣ್ಣೆ, ಗೋಧಿ, ಉಪ್ಪು ಎಂದು ಬರೆದ ಚೀಟಿಗಳು. ಇದ್ದದ್ದನ್ನು ಕೊಟ್ಟು ಇಲ್ಲದ್ದನ್ನು ಪಡೆದು, ನಾಲ್ಕೂ ಬಗೆ ಕೂಡಿಸಿದರೆ ಒಂದು ಮನೆ. ಹೆಚ್ಚು ಮನೆ ಕಟ್ಟಿದವರು ಗೆದ್ದಂತೆ. ಇದು ಚುರುಕಾಗಿ ಓಡಿತು, ಮಗ ಮರವಿಲ್ಲದೆ ಪೇಚಾಡುವುದನ್ನು ಕಂಡು ಅತ್ತೆ ತಮ್ಮ ಎರಡು ಮರವನ್ನೂ ಅವನ ಮುಂದೆ ಸರಿಸುವ ತನಕ.

“ಅತ್ತೆ, ಬದಲಿಗೆ ಏನಾದ್ರೂ ತಗೋಬೇಕು.”

“ಹೆತ್ತ ಮಗನ ಹತ್ರ ಏನಮ್ಮ ತಗೊಳ್ಳೋದು?”

“ಹಂಗಾದ್ರೆ ಅದು ವ್ಯಾಪಾರ ಆಗಲ್ಲ.”

“ನಾನೇನು ಅಂಗಡಿ ಇಟ್ಟಿದೀನಾ? ನೀನು ಕೂತ್ಕೊಳ್ಳಿ ಅಂದೆ, ಕೂತೆ.”

ಸ್ವಲ್ಪ ಹೊತ್ತಿನ ಮೇಲೆ ಮಗ ತಾನಾಗಿಯೇ ಒಂದು ಉಪ್ಪಿನ ಚೀಟಿಯನ್ನು ಅಮ್ಮನ ಕಡೆ ತಳ್ಳಿದ. ಮೇಡಂ ಅದನ್ನೂ ತಪ್ಪೆಂದೇ ಗುರುತು ಹಾಕಿಕೊಂಡು ಹೊಸ ನಿಯಮ ಮಾಡಿದರು: ಯಾರೂ ಯಾರಿಗೂ ಸುಮ್ಮನೆ ಏನನ್ನೂ ಕೊಡುವಂತಿಲ್ಲ, ಕೊಟ್ಟದ್ದಕ್ಕೆ ಆ ಗಳಿಗೆಯಲ್ಲೇ ಬದಲು ಪಡೆಯಬೇಕು. ಅತ್ತೆ ಅದನ್ನು ಶ್ರದ್ಧೆಯಿಂದ ಪಾಲಿಸಿದರು. ಮರುದಿನ ಮಗ ಕಾಫಿ ಕೇಳಿದಾಗ ಬದಲಿಗೆ ಏನು ಕೊಡುತ್ತೀ ಎಂದು ವಿಚಾರಿಸಿದರು. ಹಳೆಯ ಕ್ಯಾಲೆಂಡರ್ ಕತ್ತರಿಸಿ ನಲವತ್ತು ಮಕ್ಕಳಿಗೆ ಸಾಲುವಷ್ಟು ಚೀಟಿ ಮಾಡಿಕೊಟ್ಟಿದ್ದಕ್ಕೆ, ಒಂದು ವಾರದ ಪಾತ್ರೆ ತೊಳೆಯುವ ಕೆಲಸ ಸೊಸೆಯ ಪಾಲಿಗೆ ಬಂತು.

ಶುಕ್ರವಾರ ಮೇಡಂ ಹೊಸ ನಿಯಮವನ್ನು ದಪ್ಪ ಅಕ್ಷರದಲ್ಲಿ ಹಲಗೆಯ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದರು. ಪ್ರಾಂಶುಪಾಲರನ್ನು ಬರಿಗೈಯಲ್ಲಿ ಕೂರಿಸುವುದು ಚೆನ್ನಾಗಿರುವುದಿಲ್ಲವೆಂದು ಅವರಿಗೂ ನಾಲ್ಕು ಉಪ್ಪಿನ ಚೀಟಿ ಕೊಟ್ಟರು.

ಹಲಗೆ ಓದಿದ್ದೇ ತಡ, ಮಕ್ಕಳು ಚೀಟಿಗಳನ್ನು ಎದೆಗೆ ಅವುಚಿಕೊಂಡರು. ಇಷ್ಟು ಎಚ್ಚರಿಕೆ ಕೊಟ್ಟಿದ್ದಾರೆಂದರೆ ಇದರಲ್ಲಿ ಏನೋ ಮೋಸವಿರಬೇಕು. ಮರವಿದ್ದವನು ಒಂದಕ್ಕೆ ಎರಡು ಉಪ್ಪು ಕೇಳಿದ, ಉಪ್ಪಿದ್ದವಳು ಒಂದಕ್ಕೆ ಮೂರು ಮರ ಕೇಳಿದಳು, ಇಬ್ಬರೂ ಒಬ್ಬರನ್ನೊಬ್ಬರು ಕಳ್ಳರಂತೆ ನೋಡಿ ಮುಖ ತಿರುಗಿಸಿದರು. ಅರ್ಧ ಪಿರಿಯಡ್ ಕಳೆದರೂ ಒಂದು ಮನೆ ಏಳಲಿಲ್ಲ. ಪ್ರಾಂಶುಪಾಲರು ಗಡಿಯಾರ ನೋಡಿದರು. ಬಾಗಿಲಲ್ಲಿ ಗಣಿತದ ಮೇಷ್ಟ್ರು ಸೀಮೆಸುಣ್ಣದ ಡಬ್ಬಿ ಹಿಡಿದು, ಹೀಗೇ ಹಾದುಹೋಗುತ್ತಿದ್ದವರಂತೆ ನಿಂತಿದ್ದರು.

“ಏನ್ ಮೇಡಂ, ಇವತ್ತು ಸಂತೆಗೆ ರಜೆನಾ?” ಎಂದರು ಮೇಷ್ಟ್ರು.

ಮನೆಯಲ್ಲಿ ಅತ್ತೆಯ ಕಡೆ ತಾನಾಗಿ ಸರಿದ ಆ ಉಪ್ಪಿನ ಚೀಟಿ ಮೇಡಂ ಕಣ್ಣಿಗೆ ಕಟ್ಟಿತ್ತು. ಅತ್ತೆಯನ್ನು ತಿದ್ದಲು ಮಾಡಿದ ನಿಯಮವನ್ನು ಪಾಪ ಈ ನಲವತ್ತು ಮಕ್ಕಳ ತಲೆಗೆ ಕಟ್ಟಿದ್ದರು. ಡಸ್ಟರ್ ತೆಗೆದುಕೊಂಡು, ಬರೆದದ್ದನ್ನು ಗೆರೆಗಳ ಸಮೇತ ಒರೆಸಿದರು.

“ಸುಮ್ನೆ ಕೊಡಬಹುದು. ಆಮೇಲೂ ತಗೋಬಹುದು. ಯಾರನ್ನ ನಂಬಬೇಕು ಅನ್ನೋದು ನಿಮಗೇ ಬಿಟ್ಟಿದ್ದು.”

ಮೊದಲ ಬೆಂಚಿನ ಹುಡುಗಿ ಪಕ್ಕದವಳಿಗೆ ಒಂದು ಮರ ಕೊಟ್ಟು, “ಇಟ್ಕೊಳೇ, ಆಮೇಲೆ ನೋಡೋಣ” ಎಂದಳು.

ಅಷ್ಟು ಸಾಕಾಯಿತು. ಹತ್ತು ನಿಮಿಷದಲ್ಲಿ ಬೆಂಚುಗಳು ಜಾಗ ಬಿಟ್ಟವು, ಮನೆಗಳು ಏಳತೊಡಗಿದವು. ಮಾತಿಗೆ ತಪ್ಪಿದವನ ಸುದ್ದಿ ಎರಡು ಸಾಲು ದಾಟುವಷ್ಟರಲ್ಲಿ ಅವನಿಗೆ ಗೋಧಿ ಕೊಡುವವರೇ ಇಲ್ಲವಾದರು; ಮಾತು ಉಳಿಸಿಕೊಂಡವಳ ಮುಂದೆ ಜನ ನೆರೆದರು. ಅಷ್ಟರಲ್ಲಿ ತರಗತಿಯಲ್ಲಿ ಉಪ್ಪೇ ಇಲ್ಲವೆಂದು ಗುಲ್ಲೆದ್ದಿತು. ಹುಡುಕಿದರೆ ಇದ್ದಬದ್ದ ಉಪ್ಪೆಲ್ಲ ಹಿಂದಿನ ಬೆಂಚಿನಲ್ಲಿತ್ತು. ಹುದ್ದೆಯ ಮೇಲಿನ ಗೌರವಕ್ಕೆ ಮಕ್ಕಳು ಕೊಟ್ಟಿದ್ದನ್ನೆಲ್ಲ ಪ್ರಾಂಶುಪಾಲರು ಸದ್ದಿಲ್ಲದೆ ಗುಡ್ಡೆ ಹಾಕಿಕೊಂಡಿದ್ದರು.

“ಸರ್, ಒಂದು ಉಪ್ಪಿಗೆ ಏನು ಕೊಡ್ಬೇಕು?”

“ಮೊದಲು ನಿಮ್ಮಲ್ಲಿ ಏನೇನಿದೆ ತೋರಿಸ್ರಪ್ಪ.”

ಮಕ್ಕಳು ಮೂಲೆಯಲ್ಲಿ ಗುಂಪುಗೂಡಿ ಪಿಸುಗುಟ್ಟಿದರು. ಸರ್ ಹತ್ತಿರ ಯಾರೂ ಉಪ್ಪು ತೆಗೆದುಕೊಳ್ಳಬಾರದು; ಬರೀ ಉಪ್ಪಿನಲ್ಲಿ ಅವರಿಗೂ ಮನೆ ಏಳುವುದಿಲ್ಲ. ಗಂಟೆ ಹೊಡೆಯಿತು, ಯಾರೂ ಏಳಲಿಲ್ಲ. ಮುಂದಿನ ಪಿರಿಯಡ್‌ಗೆ ಮೇಷ್ಟ್ರು ಒಳಗೆ ಬಂದು ಕೆಮ್ಮಿದರು. ಪ್ರಾಂಶುಪಾಲರು ತಲೆಯೆತ್ತದೆ, ಐದು ನಿಮಿಷ ಹೊರಗಿರಿ ಎಂದರು. ಐದು ನಿಮಿಷ ಇಪ್ಪತ್ತಾಯಿತು.

ಆಟ ಮುಗಿದಾಗ ಪ್ರಾಂಶುಪಾಲರ ಬಳಿ ಹದಿನೇಳು ಉಪ್ಪು ಇತ್ತು, ಮನೆ ಒಂದೂ ಇರಲಿಲ್ಲ. ಶುಕ್ರವಾರದ ಮೂರನೆಯ ಪಿರಿಯಡ್ ಮೇಡಂಗೆ ಸಿಕ್ಕಿತು.