ಭೀಮಾ ದಂಡೆಯ ನಾಲ್ಕನೇ ವ್ರತ

ಮೌನಪ್ಪ ಮೀನಿಗೆ ಬಲೆ ಹಾಕುವುದನ್ನೇ ಬಿಟ್ಟ ದಿನ ಭೀಮಾ ಹೊಳೆಯ ಮೀನುಗಳೆಲ್ಲ ದಂಡೆಗೆ ಬಂದು, ನಿಜಾಮ ಸರ್ಕಾರದ ಪಲ್ಟನ್ನಿನಂತೆ ಸಾಲುಗಟ್ಟಿ ನಿಂತು, ಅವನಿಗೆ ಸಲಾಮು ಹೊಡೆದವು. ಹಿಂದಿನ ಸಾಲಿನವಕ್ಕೆ ಅವನ ಮುಖ ಕಾಣಲಿಲ್ಲವೆಂದು ಜಗಳವೇ ಹತ್ತಿತು. ಒಂದು ಮುದಿ ಬಾಳೆಮೀನು ಅತ್ತ ಕಣ್ಣೀರಿಗೆ ಹೊಳೆ ಎರಡು ಬೆರಳು ಏರಿತು. ನಂಬಿಕೆ ಇಲ್ಲದವರು ಹೋಗಿ ಮೀನುಗಳನ್ನೇ ಕೇಳಬಹುದು.

ಯಾದಗಿರಿಯಿಂದ ಒಂದು ಹರದಾರಿ ಕೆಳಗೆ ಹರಿಗೋಲು ಹಾಕುವ ಅಂಬಿಗ ಈ ಮೌನಪ್ಪ. ಹೆಸರಿಟ್ಟವರದೇನೂ ತಪ್ಪಿಲ್ಲ; ಅವನು ಮಾತು ಕಲಿಯುವ ಮೊದಲೇ ಇಟ್ಟಿದ್ದರು. ಈ ದಂಡೆಯಲ್ಲಿ ಹತ್ತಿದವರು ಆ ದಂಡೆಯಲ್ಲಿ ಇಳಿಯುವಷ್ಟರಲ್ಲಿ ಅವನು ಮೂರು ಹುಲಿ ಕೊಂದು, ಒಂದು ಮೊಸಳೆಗೆ ಈಜು ಕಲಿಸಿ ಮುಗಿಸುತ್ತಿದ್ದ.

ಇಂಥವನಿಗೆ ಬುದ್ಧನ ದಾರಿ ತೋರಿಸಿದವನು ಸುರಪುರದ ನೀಲಕಂಠ. ರಂಗೂನಿನ ಅಕ್ಕಿ ಗಿರಣಿಯಲ್ಲಿ ಹನ್ನೆರಡು ವರ್ಷ ದುಡಿದವನು, ಜಪಾನಿನವರ ಬಾಂಬು ಬಿದ್ದ ವರ್ಷ ಕಾಡು ಗುಡ್ಡ ತುಳಿದು ಊರಿಗೆ ಹೊರಟಿದ್ದ. ಯಾದಗಿರಿ ಟೇಸನ್ನಿನಲ್ಲಿ ಇಳಿದು ಹೊಳೆಯವರೆಗೆ ಬರುವುದರೊಳಗೆ ಜ್ವರ ಹತ್ತಿತು. ಮೌನಪ್ಪನ ಗುಡಿಸಲಲ್ಲಿ ಹದಿನೈದು ದಿನ ಮಲಗಿದ. ಜ್ವರದಲ್ಲೂ ದಿನಾ ನಸುಕಿಗೆ ಎದ್ದು, ಹಿತ್ತಾಳೆ ಬಟ್ಟಲಲ್ಲಿ ಹೊಸ ನೀರಿಟ್ಟು, ಕಣ್ಣು ಮುಚ್ಚಿ ಕೂಡುತ್ತಿದ್ದ.

"ಏನ್ ಮಾಡ್ತೀರಿ ಇದು, ಸಾವ್ಕಾರ್ರ?" ಎಂದು ಮೌನಪ್ಪ ಕೇಳಿದ.

ನೀಲಕಂಠ ಹೇಳಿಕೊಟ್ಟ. ಮೊದಲು ಐದು ಮಾತು ತನಗೆ ತಾನೇ ಕೊಡಬೇಕು: ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಪರರ ಸಂಸಾರ ಕೆಡಿಸುವುದಿಲ್ಲ, ಸುಳ್ಳಾಡುವುದಿಲ್ಲ, ಕುಡಿಯುವುದಿಲ್ಲ. ಆಮೇಲೆ ಉಸಿರು ನೋಡುತ್ತ ನಾಲ್ವರನ್ನು ನೆನೆದು 'ಸುಖವಾಗಿರಲಿ' ಅನ್ನಬೇಕು: ತಾನು, ತನಗೆ ಬೇಕಾದವರು, ಬೇಕೂ ಬೇಡವೂ ಅಲ್ಲದವರು, ತನ್ನನ್ನು ಕಂಡರಾಗದವರು.

"ಕುಂತಾಗ ಸಿಕ್ಕ ಸುಖ ಸಂಜಿ ಒಳಗ ಯಾರಿಗರೆ ಕೊಟ್ಬಿಡು," ಅಂದ ನೀಲಕಂಠ. "ಮೀನಿದ್ದಂಗ ಅದು. ಇಟ್ಕೊಂಡ್ರ ನಾರ್ತದ."

ಹೋಗುವಾಗ ಬಟ್ಟಲನ್ನು ಅವನಿಗೇ ಕೊಟ್ಟು, ಪಡುವಣಕ್ಕೆ ಕೈ ಮಾಡಿ, "ಶಹಾಪುರದ ಗುಡ್ಡ ಬುದ್ಧ ಮಲಗಿದಂಗ ಅದ. ಅತ್ತ ಮುಖ ಮಾಡಿ ಕೂಡು," ಅಂದ. ಅಷ್ಟು ದೂರದ ಗುಡ್ಡ ಕಣ್ಣಿಗೆ ಎಲ್ಲಿ ಕಾಣಬೇಕು? ಮೌನಪ್ಪನಿಗೆ ಮಾತ್ರ ಬುದ್ಧನ ರೆಪ್ಪೆಯ ಕೂದಲೂ ಎಣಿಸಲು ಬರುತ್ತಿದ್ದವು. ನಿಜ ಹೇಳಬೇಕೆಂದರೆ ದೋರನಹಳ್ಳಿಯೂ ಅದೇ ದಿಕ್ಕಿಗಿತ್ತು. ಅವನ ಹೆಂಡತಿ ಪಾರ್ವತೆಮ್ಮ ಮುನಿಸಿಕೊಂಡು ಅಲ್ಲಿನ ತನ್ನ ತವರಿಗೆ ಹೋಗಿ ಕೂತಿದ್ದಳು. ಅವನಿಗೆ ಬೇಕಾದವಳೂ ಅವಳೇ, ಅವನನ್ನು ಕಂಡರಾಗದವಳೂ ಅವಳೇ. ಹೀಗಾಗಿ ನಾಲ್ಕು ಪಾಲು ಸುಖದಲ್ಲಿ ಅವಳಿಗೆ ದಿನಾ ಎರಡು ಹೋಗುತ್ತಿದ್ದವು.

ಐದರಲ್ಲಿ ನಾಲ್ಕು ವ್ರತ ಸಲೀಸಾಗಿ ಒಗ್ಗಿದವು. ಸುಳ್ಳಿನದು ಮಾತ್ರ ನಸುಕಿಗೆ ಕಟ್ಟಿದ್ದು ಹರಿಗೋಲಿನ ಎರಡನೇ ಖೇಪಿಗೆ ಹರಿಯುತ್ತಿತ್ತು.

ಒಂದು ಮುಂಜಾನೆ ದಂಡೆಯಲ್ಲಿ ಇಬ್ಬರು ಕಾಯುತ್ತಿದ್ದರು. ಬಳೆ ಮಾರುವ ಮುದುಕಿ ಖಾಜಾಬೀ, ಹೆಗಲಿಗೆ ಬಳೆಯ ಮಲಾರ. ಮತ್ತೆ ಕಚೇರಿಗೆ ಹೊಸದಾಗಿ ಬಂದ ಜವಾನ ಅಮೀನಸಾಬ. ಹತ್ತು ಮಂದಿ ತುಂಬದೆ ಹರಿಗೋಲು ಬಿಡದಿರುವುದು ಹೊಳೆಯ ರಿವಾಜು. ಅಷ್ಟರಲ್ಲಿ ಸುಗಲಮ್ಮನೆಂಬ ಹುಡುಗಿ ಗಂಟು ಹಿಡಿದು ಬಂದಳು.

"ಎಲ್ಲಿಗವ್ವಾ?"

"ತವರಿಗ್ರಿ, ಅಣ್ಣಾ."

"ಹತ್ರಿ ಎಲ್ಲಾರೂ!" ಎಂದು ಮೌನಪ್ಪ ಹುಟ್ಟು ಹಾಕಿಯೇಬಿಟ್ಟ. ಹುಡುಗಿಯ ಮುಖ ಅರಳಿತು.

"ಮೂರು ಮಂದಿಗೆ ಬಿಟ್ಟೆಲ್ಲೋ!" ಅಂದ ಅಮೀನಸಾಬ.

"ತವರಿಗೆ ಹೊಂಟ ಹೆಣ್ಣುಮಗಳನ್ನ ಕಾಯಿಸಂಗಿಲ್ರಿ ನಾನು. ಇವತ್ತು ಕುಂತಾಗ ಸಿಕ್ಕ ಸುಖ ಈ ತಂಗಿಗೆ ಕೊಟ್ಟೆ." ಮೀನಿನ ಸಲಾಮಿನ ಕಥೆ ಅಲ್ಲಿಂದಲೇ ಸುರುವಾಯಿತು. ಅದು ಮುಗಿದ ಮೇಲೆ ತವರಿನ ಕಥೆ. "ಎರಡು ವರ್ಷದ ಹಿಂದ ನಮ್ಮತ್ತಿಗೆ ಜಡ್ಡು ಜೋರಾಗೇದಂತ ಸುದ್ದಿ ಬಂತ್ರಿ. ಹೊಳಿ ಅಂದ್ರ ಹೊಳಿ! ಚಂದ್ರನ ಕಾಲು ತೊಯ್ದಿದ್ವು. ಹ್ಯಾಂಗ ದಾಟಿಸ್ಲಿ? ಹೆಂಡ್ತಿ ಅತ್ತು ಸಾಯ್ತಾಳಂತ, 'ನಿಮ್ಮವ್ವ ಎದ್ದು ಕುಂತು ಹೋಳಿಗಿ ಉಣ್ಣಾಕತ್ಯಾಳ' ಅಂದೆ. ಮೂರನೇ ದಿನ ಅಕಿ ಹೋಗೂದ್ರಾಗ ಮಣ್ಣು ಮಾಡಿದ್ರು. ಹೊಳ್ಳಿ ಬರ್ಲಿಲ್ಲ."

"ತೌಬಾ! ಈಗ?" ಅಂದ ಅಮೀನಸಾಬ.

"ಈಗೇನ್ರಿ, ಬಂದಾಳ! ನಾ ದಿನಾ ಕಣ್ಣು ಮುಚ್ಚಿ ಕುಂತಿದ್ದರ ಶಕ್ತಿಗೆ ಹೊಳಿ ಮ್ಯಾಲೆ ನಡಕೊಂತ ಬಂದ್ಳು, ಕಾಲಿನ ಪೈಜಣ ಸುದ್ದಾ ತೊಯ್ಲಿಲ್ಲ. ರೊಟ್ಟಿ ಬಡಿಯಾಕತ್ಯಾಳ, ಕಿವಿಗೊಟ್ಟು ಕೇಳ್ರಿ."

ಅಮೀನಸಾಬನಿಗೆ ಪಟಪಟ ಸಪ್ಪಳ ಕೇಳಿಯೂ ಕೇಳಿತು. ದಂಡೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು.

"ಸಾಕು ಮಾಡೋ ಮೌನಪ್ಪಾ," ಎಂದಳು ಖಾಜಾಬೀ. "ಮೊನ್ನಿ ಸೋಮವಾರ ದೋರನಹಳ್ಳಿಯಾಗ ಪಾರ್ವತಿಗೆ ಬಳಿ ಇಡಿಸಿದಾಕಿ ನಾನು. ಅಲ್ಲಿನೂ ರೊಟ್ಟಿ ಬಡಿಯಾಕತ್ತಿದ್ಳು. ಎರಡೂರಾಗ ಬಡಿಯಾಕ ಅಕಿಗೇನು ನಾಲ್ಕು ಕೈ ಅದಾವೇನು?"

ಸುಗಲಮ್ಮ ಸೆರಗಿನಲ್ಲಿ ನಕ್ಕಳು. ಹುಟ್ಟು ನಿಂತಿತು. ನಡುಹೊಳೆಯಲ್ಲಿ ಹರಿಗೋಲು ಮೆಲ್ಲಗೆ ಸುತ್ತತೊಡಗಿತು. ಒಮ್ಮೆ ಯಾದಗಿರಿಯ ದಂಡೆ, ಒಮ್ಮೆ ದೋರನಹಳ್ಳಿಯ ದಂಡೆ.

"ಬಂದಿಲ್ರಿ," ಅಂದ ಮೌನಪ್ಪ.

"ಮೀನು?" ಅಮೀನಸಾಬನಿಗೆ ಮನಸ್ಸು ತಡೆಯಲಿಲ್ಲ. "ಮೀನೂ ಸಲಾಮು ಹೊಡೀಲಿಲ್ಲೇನು?"

"ಒಂದೂ ಇಲ್ರಿ." ಅವನು ನೀರು ನೋಡುತ್ತ ಕೂತ. "ನಮ್ಮತ್ತಿ ಸುದ್ದಿ ಬಂದ ದಿನ ಹೊಳಿ ಸುದ್ದಾ ಬಂದಿರ್ಲಿಲ್ಲ. ಮಳಿಗಾಲ ಇನ್ನೂ ಹಿಡಿದಿರ್ಲಿಲ್ಲ, ಮೊಣಕಾಲುಮಟ ನೀರು. ನಡಕೊಂಡೇ ದಾಟಬಹುದಿತ್ತು."

"ಮತ್ತ್ಯಾಕ ಹಂಗ ಅಂದಿ, ಮುಠ್ಠಾಳಾ?"

"ಸುದ್ದಿ ತಗೊಂಡು ನಾ ಒಳಗ ಹೋದಾಗ ಅಕಿ ನಗಾಕತ್ತಿದ್ಳು, ದೊಡ್ಡವ್ವಾ. ಆಡಿನ ಮರಿ ಅಕಿ ಸೆರಗು ತಿಂದಿತ್ತು. ಆ ನಗು ನನ್ನ ಬಾಯಿಂದ ಆರೂದು ಬ್ಯಾಡ, ನಾಳಿ ಹೇಳಿದ್ರಾತು ಅಂದ್ಕೊಂಡೆ." ಹರಿಗೋಲಿನೊಳಗೆ ಸೇರಿದ ನೀರನ್ನು ಬೊಗಸೆಯಿಂದ ಹೊರಗೆ ಚೆಲ್ಲಿದ. "ನಾಳಿನೂ ನಗಾಕತ್ತಿದ್ಳು."

ಖಾಜಾಬೀ ಮಲಾರವನ್ನು ಮಡಿಲಿಗೆ ಎಳೆದುಕೊಂಡು ಕೇಳಿದಳು:

"ಇದನ್ನ ಅಕಿಗೆ ಹೇಳಿಯೇನು?"

"ಇಲ್ಲ. ಕೇಳಿದಾಗ, ಸುದ್ದಿ ತಂದಾವನೇ ಹಂಗಂದ ಅಂತ ಅವನ ಮ್ಯಾಲೆ ಹಾಕಿದೆ. ಅವ ಊರ ಮುಂದ ನನ್ನ ಸುಳ್ಳು ಬಿಚ್ಚಿದ. ಆಮ್ಯಾಲೆ ಅಕಿ ನನ್ನ ಕೂಡ ಮಾತಾಡಿಲ್ಲ."

"ಇವತ್ತು ಅಲ್ಲಿಗೇ ಹೊಂಟೀನಿ," ಅಂದಳು ಖಾಜಾಬೀ. "ಹೇಳ್ಲೇನು?"

ನಸುಕಿನಲ್ಲಿ ಬಟ್ಟಲ ಮುಂದೆ ಕಟ್ಟಿದ ವ್ರತ ಇವತ್ತೂ ಹರಿದಿತ್ತು; ಆದರೆ ಹರಿದದ್ದನ್ನು ಅವನೇ ಮತ್ತೆ ಕಟ್ಟಿದ್ದು ಇದೇ ಮೊದಲ ಸಲ. "ಹೇಳು," ಅಂದ. "ನಿಂದೇನೂ ಕೂಡಿಸಬ್ಯಾಡ."

"ಕೂಡಿಸೂದು ನಿನ್ನ ಕಸಬು."

ಮೌನಪ್ಪ ಮತ್ತೆ ಹುಟ್ಟು ಹಾಕಿದ; ಹರಿಗೋಲು ದಂಡೆ ಮುಟ್ಟಿತು. ಸುಗಲಮ್ಮ ಜಿಗಿದು ಓಡಿಯೇ ಹೋದಳು. ಮಲಾರ ಇಳಿಸಿಕೊಡುವಾಗ ಮೌನಪ್ಪ ಬಳೆಗಳ ಮೇಲೆ ಕೈಯಿಟ್ಟು ನಿಂತ.

"ದೊಡ್ಡವ್ವಾ, ಯಾವ ಬಳಿ ಇಡಿಸಿಕೊಂಡ್ಳು?"

"ಹಸರು. ಡಜನ್ನು ತುಂಬಾ." ಮುದುಕಿ ಮಲಾರ ಹೆಗಲಿಗೇರಿಸಿದಳು. "ಮುತ್ತೈದೇರೆಲ್ಲ ಹಸರೇ ಇಡಿಸ್ಕೊಂತಾರ. ಹೆಚ್ಚಿಗೇನೂ ತಿಳ್ಕೋಬ್ಯಾಡ ಮತ್ತ."

"ನಾ ಏನೂ ತಿಳ್ಕೊಂಡಿಲ್ಲ, ತಗಿ."

ಖಾಜಾಬೀ ತಿರುಗಿ ಅವನ ಮುಖ ನೋಡಿದಳು. ನೋಡಿದಳು ಅಷ್ಟೆ.

"ತಿಳ್ಕೊಂಡೆ, ದೊಡ್ಡವ್ವಾ," ಅಂದ ಮೌನಪ್ಪ.