ಇನ್ನೊಂದು ಕಾಲು

ಗುರುಪೂರ್ಣಿಮೆಯ ಬೆಳಿಗ್ಗೆ ಖಂಡಪ್ಪ ಮಾಸ್ತರರು ವಜ್ರಾಸನದಲ್ಲೇ ಕೂರುತ್ತಾರೆ. ಪಾದಗಳೆರಡೂ ಮೈಯಡಿಯಲ್ಲಿ ಮುಚ್ಚಿಹೋಗಿ, ನಮಸ್ಕರಿಸಲು ಬಗ್ಗಿದವರಿಗೆ ಸಿಗಬಾರದು ಎಂದು.

"ನನ್ನ ಕಾಲು ಗಟ್ಟಿ ಅದಾವು. ಗಟ್ಟಿ ಇಲ್ಲದ ಕಾಲು ಈ ಸೊಸೈಟಿಯೊಳಗ ಬೇಕಾದಷ್ಟು ಅದಾವು. ಹೋಗಿ ಅವನ್ನ ಹಿಡೀರಿ."

ಆ ದಿನ ಹಾರ, ದಕ್ಷಿಣೆ ಏನೂ ಇಲ್ಲ. ಪ್ರತಿ ಶಿಷ್ಯರೂ ಒಬ್ಬ ಹಿರಿಯರ ಮನೆಗೆ ಹೋಗಿ ಅವರ ಪಾದ ತೊಳೆದು, ಉಗುರು ಕತ್ತರಿಸಿ, ಎಣ್ಣೆ ತಿಕ್ಕಿ ಬರಬೇಕು. ವಿಜಯಪುರದಿಂದ ಬಂದ ಮಾಸ್ತರರು ಕಾಂದಿವಲಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಬೆನ್ನಿಗೆ ಪೆಟ್ಟಾಗಿ ಹಾಸಿಗೆ ಹಿಡಿದಾಗ, ಚಾಳಿನ ಮುದುಕರೊಬ್ಬರು ದಿನವೂ ಬಂದು ಅವರ ಕಾಲು ಮಡಿಚಿ ಬಿಡಿಸಿ ಮತ್ತೆ ನಡೆಸಿದರಂತೆ. ಯೋಗ ಕಲಿತದ್ದೂ ಆ ಮುದುಕರಿಂದಲೇ. ಈಗ ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಕಲಿಸುತ್ತಾರೆ. ಫೀಸು ಕೇಳಿದರೆ, "ನನಗ ಯಾರೂ ಬಿಲ್ ಕೊಟ್ಟಿಲ್ಲ, ನಾ ಹ್ಯಾಂಗ ಕೊಡಲಿ?" ಎನ್ನುತ್ತಾರೆ.

"ರೂಪಾಲಿ, ನೀ ನಿಮ್ಮತ್ತಿದು ಮಾಡು."

"ಸರ್, ಬ್ಯಾರೆ ಯಾರನ್ನರ ಕೊಡ್ರಿ."

"ಅದಕ್ಕಿಂತ ಕಷ್ಟದ ಆಸನ ಯೋಗದಾಗ ಇಲ್ಲ. ಮಾಡು. ಯಕ್ಷಿತಾ, ನಿನಗ ಎ ವಿಂಗಿನ ವಿನೋದಿನಿ."

ಎಲ್ಲರೂ ನಗುತ್ತಿದ್ದರು. ಬೇರೆ ಯಾರಾದರೂ ಆಗಲಿ ಎಂದು ರೂಪಾಲಿಯಂತೆ ಕೇಳಲು ನನಗೆ ಬಾಯಿ ಬರಲಿಲ್ಲ.

ಚಿಕ್ಕವಳಿದ್ದಾಗ ಶಾಲೆ ಬಿಟ್ಟ ಮೇಲೆ, ಅಮ್ಮ ಕೆಲಸದಿಂದ ಬರುವವರೆಗೆ ನಾನು ಇರುತ್ತಿದ್ದದ್ದು ವಿನೋದಿನಿ ಆಂಟಿಯ ಮನೆಯಲ್ಲಿ. ಅವರ ನೀರುದೋಸೆ ತಿಂದು ಬೆಳೆದವಳು ನಾನು. ಕಳೆದ ವರ್ಷ ಅವರು ಬಚ್ಚಲಲ್ಲಿ ಬಿದ್ದರು. ಬಲಗಾಲು ಸ್ವಾಧೀನ ತಪ್ಪಿತು. ಮಗ ಸೊಸೆ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋದ ಮೇಲೆ ನೆಲಮಹಡಿಯ ಕಿಟಕಿಯ ಬಳಿ ಒಬ್ಬರೇ ಕೂತು, ಹೋಗಿ ಬರುವವರನ್ನು ಕರೆಯುತ್ತಿದ್ದರು. "ಯಕ್ಷಿತಾ, ಎಂತ ವಿಶೇಷ ಮಗಾ?"

ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕೂತ ನನ್ನಲ್ಲಿ ಯಾವ ವಿಶೇಷವೂ ಇರಲಿಲ್ಲ. ಹಾಗಾಗಿ ಇಯರ್‌ಫೋನ್ ಸಿಕ್ಕಿಸಿಕೊಂಡು, ಕೇಳಿಸದವಳಂತೆ ದಾಟತೊಡಗಿದೆ. ಅದರಲ್ಲಿ ಹಾಡೇನೂ ಇರುತ್ತಿರಲಿಲ್ಲ. ಕೆಲವು ವಾರಗಳಲ್ಲಿ ಅವರು ಕರೆಯುವುದನ್ನು ನಿಲ್ಲಿಸಿದರು. ಅವರಿಗೇ ಮರೆತಿರಬೇಕು ಎಂದು ಡೈರಿಯಲ್ಲಿ ಬರೆದು ನೆಮ್ಮದಿಯಿಂದ ಮಲಗಿದ್ದೆ.

ಈಗ ನಾನು ಹೋದಾಗ ಆಂಟಿ ಕಿಟಕಿಯ ಗ್ರಿಲ್ಲಿನಿಂದ ಬಾಗಿಲ ಕೀಲಿ ಕೊಟ್ಟರು. ಎಡಗಾಲಿನ ಉಗುರುಗಳು ಬಾಗಿ ಮಾಂಸಕ್ಕೆ ಇಳಿದಿದ್ದವು.

"ಯಾರಿಗೂ ಹೇಳಲಿಲ್ಲವಾ ಆಂಟಿ?"

"ಸೊಸೆಗೆ ಹೇಳಲಿಕ್ಕೆ ನಾಚಿಕೆ. ಕೆಲಸದವಳು ಬರುವುದು ಅಡುಗೆಗೆ, ಕಾಲಿಗೆ ಅಲ್ಲ."

ಎಡಗಾಲು ಮುಗಿಯಿತು. ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಸ್ಟೂಲಿನ ಮೇಲಿಟ್ಟೆ. ತೊಳೆಯಲು ಬಗ್ಗಿದಾಗ ಅವರು ಕೇಳಿದರು:

"ಇವತ್ತು ಕಿವಿಯಲ್ಲಿ ಅದು ಇಲ್ಲವಾ?"

ನಾನು ತಲೆ ಎತ್ತದೆ ಕಾಲಿನ ಮೇಲೆ ನೀರು ಹೊಯ್ದೆ.

"ನಾನು ಕೂತಲ್ಲಿಗೆ ನಿನ್ನ ಸೊಂಟ ಸರಿಯಾಗಿ ಕಾಣುವುದು ಮಗಾ. ವಯರಿನ ತುದಿ ಫೋನಿಗೆ ಹಾಕದೆ ನೇತಾಡುತ್ತಿತ್ತು. ಮಾತಾಡಲಿಕ್ಕೆ ಮನಸ್ಸಿಲ್ಲ ಪಾಪ, ಯಾಕೆ ಕಷ್ಟ ಕೊಡುವುದು ಅಂತ ಮತ್ತೆ ಕರೆಯಲಿಲ್ಲ." ಅವರು ನಕ್ಕರು. "ಈಗ ವಯರೇ ಇಲ್ಲದ್ದು ಬರ್ತದಂತೆ. ಅದು ತಕೋ. ಯಾರಿಗೂ ಗೊತ್ತಾಗುವುದಿಲ್ಲ."

ನಾನು ಎದ್ದೆ. ಹೊರಗೆ ಬಂದೆ. ಮಳೆಯಲ್ಲೇ ಅಂಗಳ ದಾಟಿ ಬಿ ವಿಂಗಿಗೆ ಹೋಗಿ ಮಾಸ್ತರರ ಎದುರು ನಿಂತು ಎಲ್ಲವನ್ನೂ ಹೇಳಿದೆ. ನಾನು ಆ ಕಾಲು ಮುಟ್ಟಲು ಯೋಗ್ಯಳಲ್ಲ, ಬೇರೆ ಯಾರನ್ನಾದರೂ ಕಳಿಸಿ ಎಂದೂ ಹೇಳಿದೆ.

ಮಾಸ್ತರರು ಪೂರ್ತಿ ಕೇಳಿ ಅಂದರು: "ಇದನ್ನ ಹೇಳಿದ್ದಕ್ಕ ನಿನ್ನ ಮನಸ್ಸು ಹಗುರಾತೇನು?"

"ಸ್ವಲ್ಪ."

"ಚಲೋ ಆತು. ಆಕಿ ಕಾಲಿಗೇನಾತು?"

"ಒಂದು ಮುಗಿದಿದೆ."

"ಇನ್ನೊಂದು?"

ಅವರು ನನ್ನ ಮುಷ್ಟಿಯತ್ತ ನೋಡಿದರು. "ಕೈಯಾಗ ಏನದು?"

ಆಂಟಿಯ ಮನೆಯ ಕೀಲಿ.

"ನಿನ್ನ ತಪ್ಪು ಎಲ್ಲಿಗೂ ಓಡಿ ಹೋಗೂದಿಲ್ಲ ತಂಗಿ, ಸಂಜಿಮುಂದ ಕುಂತು ಅಳು. ಆಕಿ ಕಾಲು ಹಸಿ ಐತಿ. ಹೋಗು."

ಓಡಿದೆ. ಬಾಗಿಲು ತೆರೆದರೆ ಆಂಟಿ ನಾನು ಬಿಟ್ಟುಹೋದಂತೆಯೇ ಕೂತಿದ್ದರು. ಬಲಗಾಲು ಸ್ಟೂಲಿನ ಮೇಲೇ ಇತ್ತು. ಅದನ್ನು ತಾವಾಗಿ ಇಳಿಸಿಕೊಳ್ಳಲು ಅವರಿಗೆ ಆಗುವುದಿಲ್ಲ ಎಂಬುದು ನನಗೆ ಆಗ ಹೊಳೆಯಿತು. ತೊಡೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು.

"ಬಿಸಿನೀರು ತರಲಿಕ್ಕೆ ಹೋದದ್ದಾ ಮಗಾ?"

ಹೌದು ಎನ್ನಬಹುದಿತ್ತು. ಅವರೇ ದಾರಿ ಮಾಡಿಕೊಟ್ಟಿದ್ದರು, ಹಿಂದೆ ಕರೆಯುವುದನ್ನು ನಿಲ್ಲಿಸಿದಂತೆಯೇ.

"ಅಲ್ಲ ಆಂಟಿ. ಓಡಿಹೋಗಿದ್ದೆ."

"ಹ್ಞೂಂ. ಓಡಲಿಕ್ಕೆ ನಿನ್ನ ಕಾಲು ಚಂದ ಉಂಟಲ್ಲ," ಎಂದರು. ಈ ಸಲ ಅವರು ನಗಲಿಲ್ಲ. "ಹೆಬ್ಬೆರಳು ಸ್ವಲ್ಪ ಜೋಪಾನ. ನೋವುಂಟು."

ನಾನು ನೆಲದ ಮೇಲೆ ಕೂತು ಅವರ ಹಿಮ್ಮಡಿಯನ್ನು ಮಡಿಲಿಗೆ ತೆಗೆದುಕೊಂಡೆ. ಅದು ತಣ್ಣಗಾಗಿತ್ತು.