ಬೆಳಗಿನ ಟೆಸ್ಟ್ ಸಾಲು

ಇದೊಂದನ್ನು ಹಾಗೆಯೇ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಮೂವತ್ತಾರು ಪರದೆಗಳ ಕೆಲಸ ಮುಗಿದಿದೆ. ಮೂವತ್ತೇಳನೆಯದಕ್ಕೂ ಸುಮ್ಮನೆ ಟಿಕ್ ಹಾಕಿದರೆ ಷಣ್ಮುಖಪ್ಪನವರೇನು ಭದ್ರಾವತಿಗೆ ಬಂದು ನೋಡುತ್ತಾರೆಯೇ? ಆದರೆ ಶಿವಮೊಗ್ಗದ ಬೇಕರಿಯ ಪರದೆಗೆ ನುಗ್ಗಿದವನು ನಾಳೆ ಇಲ್ಲಿಗೂ ನುಗ್ಗಿದರೆ?

ನ್ಯೂ ಟೌನಿನ ಕಣ್ಣಾಸ್ಪತ್ರೆಯ ಎದುರು ಬೈಕ್ ನಿಲ್ಲಿಸಿದ ಮೇಲೂ ನಿಶಾಂತ್ ಇದನ್ನೇ ಯೋಚಿಸುತ್ತ ನಿಂತಿದ್ದ.

ಅಂಗಡಿ, ಆಸ್ಪತ್ರೆಗಳಿಗೆ ಡಿಜಿಟಲ್ ಪರದೆ ಕೂರಿಸಿಕೊಡುವ ಮಾಚೇನಹಳ್ಳಿಯ ಸಣ್ಣ ಕಂಪನಿ ಷಣ್ಮುಖಪ್ಪನವರದು; ನಿಶಾಂತ್ ಅಲ್ಲಿ ಕೆಲಸಕ್ಕಿದ್ದ. ಎಲ್ಲ ಪರದೆಗಳಲ್ಲೂ ರಿಮೋಟ್ ಡಿಬಗ್ಗಿಂಗ್ ತೆರೆದಿಟ್ಟವನು ಇವನೇ. ಅದು ತೆರೆದಿದ್ದರೆ ಆಫೀಸಿನಲ್ಲಿ ಕೂತೇ ಯಾವ ಪರದೆಯಲ್ಲಿ ಏನಿದೆ ಎಂದು ನೋಡಬಹುದು, ಕೆಟ್ಟರೆ ಸರಿಮಾಡಬಹುದು. ಏಣಿ ಹತ್ತುವ ಕೆಲಸವಿಲ್ಲ. ಮೊನ್ನೆ ಬೇಕರಿಯ ದರಪಟ್ಟಿಯ ಜಾಗದಲ್ಲಿ ಯಾರೋ ಅದೇ ದಾರಿಯಲ್ಲಿ ನುಗ್ಗಿ ಹೊಲಸು ಚಿತ್ರ ಹಾಕಿದ ಮೇಲೆ ಷಣ್ಮುಖಪ್ಪನವರು ಇವನನ್ನು ಕರೆಸಿದ್ದರು.

"ಬಾಗಿಲು ತೆಗೆದಿಟ್ಟು ಮಲಗಿದ್ಯಲ್ಲೋ ಮಾರಾಯ! ಒಂದೊಂದರ ಹತ್ರನೂ ಹೋಗು, ಆಫ್ ಮಾಡು, ಟಿಕ್ ಹಾಕು. ನಾನು ನೋಡಕ್ಕೆ ಬರಲ್ಲ. ನಿನ್ನನ್ನೇ ನಂಬಿದೀನಿ."

ಕಣ್ಣಾಸ್ಪತ್ರೆಯ ಕೌಂಟರಿನಲ್ಲಿರುವವಳು ವಾಣಿ. ಟೋಕನ್ ಪರದೆ ಕೂರಿಸಿದ ದಿನ ಅವನೇ ಹೇಳಿಕೊಟ್ಟಿದ್ದ: ದಿನಾ ಬೆಳಿಗ್ಗೆ ಪರದೆಯ ಕೆಳಗಿನ ಪಟ್ಟಿಯಲ್ಲಿ ಏನಾದರೂ ಬರೆದು, ಅಕ್ಷರ ಸರಿಯಾಗಿ ಓಡುತ್ತದೆಯೇ ನೋಡಿ ಅಳಿಸಿ. ಅವಳು ಕೆಲವು ದಿನ 'ಟೆಸ್ಟ್' ಎಂದಷ್ಟೇ ಬರೆದಳು. ಆಮೇಲೆ ಒಂದು ದಿನ, 'ಉಪ್ಪಿಟ್ಟು ಸೀದುಹೋಯ್ತು.' ಇನ್ನೊಂದು ದಿನ, 'ಹೊಸ ಚಪ್ಪಲಿ ಕಚ್ತಾ ಇದೆ.' ರೋಗಿಗಳಿನ್ನೂ ಬಂದಿರದ ಹಾಲಿನಲ್ಲಿ ಆ ಸಾಲು ಎರಡು ಸುತ್ತು ಓಡಿ ಅಳಿಯುತ್ತಿತ್ತು. ಮಾಚೇನಹಳ್ಳಿಯ ಆಫೀಸಿನಲ್ಲಿ ಒಬ್ಬನೇ ಚಹಾ ಹಿಡಿದು ಕೂತ ನಿಶಾಂತ್ ತನ್ನ ಕಂಪ್ಯೂಟರಿನಲ್ಲಿ ಅದನ್ನು ಓದುತ್ತಿದ್ದ. ಮೊದಲು ಕೆಲಸಕ್ಕೆಂದು. ಆಮೇಲೆ ಅವಳು ಬರೆಯುವ ಹೊತ್ತು, ಎಂಟೂ ಮುಕ್ಕಾಲು, ಆಗುವುದನ್ನೇ ಕಾಯುತ್ತ. ಹೀಗೆ ಎರಡು ವರ್ಷ. ಆ ಹೊತ್ತಿಗೆ ಅವನೊಂದಿಗೆ ಮಾತಾಡುವವರು ಬೇರೆ ಯಾರೂ ಇರಲಿಲ್ಲ. ಅವಳೂ ಅವನೊಂದಿಗೆ ಮಾತಾಡುತ್ತಿರಲಿಲ್ಲ.

ಕಳೆದ ವಾರ ಬರೆದಿದ್ದಳು: 'ಅಮ್ಮಂಗೆ ಜ್ವರ ಇಳೀತಿಲ್ಲ. ಭಯ ಆಗ್ತಿದೆ.' ಮರುದಿನದಿಂದ ಮತ್ತೆ ಬರೀ 'ಟೆಸ್ಟ್.'

ಒಳಗೆ ಹೋದಾಗ ವಾಣಿ ನಕ್ಕಳು. "ಏನ್ ನಿಶಾಂತ್ ಅವ್ರೇ, ಕೆಡದೇ ಇರೋದನ್ನೂ ರಿಪೇರಿ ಮಾಡಕ್ಕೆ ಬಂದ್ರಾ?"

"ಒಂದು ಸೆಟ್ಟಿಂಗ್ ಇದೆ ಮೇಡಂ. ಎರಡೇ ನಿಮಿಷ."

ಏಣಿ ಹತ್ತಿ ಪರದೆಯ ಹಿಂದಿನ ಪೆಟ್ಟಿಗೆಗೆ ಮೌಸ್ ಸಿಕ್ಕಿಸಿದ. ಸೆಟ್ಟಿಂಗ್ ತೆರೆಯುತ್ತಿರುವಾಗ ಬಾಯಿಂದ ಜಾರಿಬಿಟ್ಟಿತು: "ಅಮ್ಮಂಗೆ ಜ್ವರ ಬಿಡ್ತಾ?"

"ಹ್ಞೂ, ನಿನ್ನೆ ಬಿಡ್ತು..." ವಾಣಿ ತಡೆದಳು. "ನಿಮಗ್ಯಾರು ಹೇಳಿದ್ರು?"

ಅವನು ಪರದೆಯನ್ನೇ ನೋಡುತ್ತಿದ್ದ. ನೆಲ ಒರೆಸುತ್ತಿದ್ದ ಆಯಾಳ ಕಡೆ ವಾಣಿ ತಿರುಗಿದಳು.

"ಸೀತಕ್ಕಾ! ನಿಮಗೊಬ್ರಿಗೇ ಹೇಳಿದ್ದು ನಾನು. ಊರಿಗೆಲ್ಲಾ ಹಂಚಿದ್ರಾ?"

"ಅಯ್ಯೋ, ನನ್ನಾಣೆಗೂ ಇಲ್ಲ ಮಾರಾಯ್ತಿ! ಈ ಪುಣ್ಯಾತ್ಮನ ಮುಖ ನೋಡಿದ್ದೇ ದೀಪಾವಳಿಲಿ."

"ಮತ್ತೆ ಗೋಡೆ ಬಂದು ಹೇಳ್ತಾ ಇವ್ರಿಗೆ?"

ಸೀತಕ್ಕ ಇವನತ್ತ ನೋಡಿದಳು, ಒಂದು ಮಾತು ಬರುತ್ತದೆಂದು ಕಾದವಳ ಹಾಗೆ. ಆಮೇಲೆ ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ನಿಶಾಂತ್ ಡಿಬಗ್ಗಿಂಗ್ ಆಫ್ ಮಾಡಿದ. ಇನ್ನು ಆಫೀಸಿನಿಂದ ಈ ಪರದೆ ಕಾಣುವುದಿಲ್ಲ. ಇಳಿದು ಹಾಳೆಗೆ ಟಿಕ್ ಹಾಕಿ ಏಣಿ ಮಡಚಿದ.

"ಬೆಳಿಗ್ಗೆ ಬರೆದು ನೋಡ್ಬೇಕಾ ಇನ್ನೂ?" ಎಂದಳು ವಾಣಿ. ದನಿಯಲ್ಲಿ ನಗು ಇರಲಿಲ್ಲ.

"ಬರೀರಿ ಮೇಡಂ. ಅಕ್ಷರ ಸರಿ ಓಡುತ್ತಾ ಅಂತ ನಿಮಗೆ ಗೊತ್ತಾಗುತ್ತೆ."

ಆಮೇಲೂ ಎರಡು ಸಲ ಅವನು ಆ ಆಸ್ಪತ್ರೆಗೆ ಹೋಗಬೇಕಾಯಿತು. ವಾಣಿ ಸೀತಕ್ಕನೊಂದಿಗೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಸೀತಕ್ಕ ಏನೂ ಹೇಳಿರಲಿಲ್ಲ, ಎಲ್ಲವನ್ನೂ ಓದಿದವನು ತಾನು ಎಂದು ಅವನು ವಾಣಿಗೆ ಎಂದೂ ಹೇಳಲಿಲ್ಲ.